ಸಿಂಗಳೀಕದ 25 ಪ್ರಿಂಟ್ ಖಾಲಿ, ಇನ್ನೂ 10 ಕೇಳ್ತಿದ್ದಾರೆ. ತೆಗೆದುಕೊಡಬಹುದಾ?

ಸಾಗರದ ಲಿನೋ:
ಹೋದ ವರ್ಷ ಲಿನೋ ಹಾಳೆಯಲ್ಲಿ (ಅಚ್ಚು ಕೆತ್ತುವ ಮೆತ್ತನೆಯ ಲಿನೋಲಿಯಂ ಹಾಳೆ) ಸಿಂಗಳೀಕ ಕೆತ್ತಿದೆ. ಮುಖದ ಸುತ್ತಲಿನ ಬೂದು ಕೇಸರಕ್ಕೇ ಹನ್ನೊಂದು ದಿನ ಹಿಡಿಯಿತು. ಒಂದೊಂದು ಕೂದಲನ್ನೂ ಸಣ್ಣ ಉಳಿಯಲ್ಲಿ ಬಿಡಿಸಬೇಕು, ಕೈ ಜಾರಿದರೆ ಮುಗೀತು. 25 ಪ್ರತಿ ತೆಗೆದು, ಕೆಳಗೆ ಪೆನ್ಸಿಲ್‌ನಲ್ಲಿ 1/25, 2/25 ಅಂತ ಬರೆದು ಸಹಿ ಹಾಕಿದೆ. ಎಲ್ಲಾ ಮಾರಿಹೋದವು. ಈಗ ಹೋಂಸ್ಟೇ ನಡೆಸುವವರೊಬ್ಬರು ಕೋಣೆಗೊಂದರಂತೆ ಅದೇ ಚಿತ್ರ 10 ಬೇಕು ಅಂತಿದ್ದಾರೆ. ಅಚ್ಚು ಇನ್ನೂ ಚೆನ್ನಾಗಿದೆ. ದುಡ್ಡಿನ ಅಗತ್ಯವೂ ಇದೆ. ಆದರೆ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ತುಂಗಾತೀರ:
ಬೇಡ ಮಾರಾಯ್ತಿ. 25 ಅಂತ ಬರೆದದ್ದು, ಇಷ್ಟೇ ಪ್ರತಿ ಇನ್ನಿಲ್ಲ ಅಂತ ನೀನು ಕೊಟ್ಟ ಮಾತು. ನಾನು ಮೂವತ್ತು ವರ್ಷದಿಂದ ಅಚ್ಚು ತೆಗೆಯುತ್ತಿದ್ದೇನೆ. ಸಂಖ್ಯೆ ಮುಗಿದ ದಿನವೇ ಅಚ್ಚಿನ ಮೇಲೆ ಅಡ್ಡ ಗೀಟು ಕೆತ್ತಿ, ಆ ಗೀಟು ಸಮೇತ ಒಂದು ಪ್ರತಿ ತೆಗೆದು ಇಟ್ಟುಕೊಳ್ಳುತ್ತೇನೆ. ಇನ್ನು ಅದರಿಂದ ಪ್ರಿಂಟ್ ಬರುವುದಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಶುರುವಿನಲ್ಲಿ ನಿನಗಾಗಿ ಅಂತ ತೆಗೆದ ಎರಡು ಮೂರು ಪ್ರತಿ ಇದ್ದರೆ ‘ಎ.ಪಿ.’ (ಆರ್ಟಿಸ್ಟ್ಸ್ ಪ್ರೂಫ್, ಅಂದರೆ ಕಲಾವಿದರ ಸ್ವಂತ ಪ್ರತಿ) ಅಂತ ಬರೆದು ಕೊಡಬಹುದು. ಈಗ ಹೊಸದಾಗಿ ತೆಗೆದು ಹಾಗೆ ಬರೆಯುವುದು ತಪ್ಪು.

ಹೋಂಸ್ಟೇಯವರಿಗೆ ಬೇರೆ ಚಿತ್ರ ಕೆತ್ತು. ಮಳೆಗಾಲದಲ್ಲಿ ಮಾಡುವುದಾದರೆ ಶಾಯಿ ತೆಳುವಾಗಿ ಹಚ್ಚು. ಪುಷ್ಯ ಮಳೆಯಲ್ಲಿ ಎಣ್ಣೆ ಶಾಯಿ ಎರಡು ವಾರವಾದರೂ ಬೆರಳಿಗೆ ಅಂಟುತ್ತದೆ. ಒಂದರ ಮೇಲೊಂದು ಇಡಬೇಡ, ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಡು.

ಕಾರ್ಗಲ್ ಕಾಡು:
ಅಕ್ಕಾ, ಹೊಸದನ್ನೂ ಸಿಂಗಳೀಕದ್ದೇ ಮಾಡಿ. ಆದರೆ ಈ ಸಲ ಮರದ ಮೇಲೆ ಕೂರಿಸಿ. ಮೊದಲಿನದರಲ್ಲಿ ಬಂಡೆ ಮೇಲೆ ಕೂತಿದೆ ಅಲ್ವಾ, ಅದು ನೆಲಕ್ಕೆ ಇಳಿಯೋದೇ ಅಪರೂಪ. ಕೊಂಬೆಯಿಂದ ಕೊಂಬೆಗೆ ಹೋಗುವ ದಾರಿ ಕಡಿದುಹೋದರೆ ಗುಂಪು ಆ ಕಡೆ ಈ ಕಡೆ ಸಿಕ್ಕಿಕೊಳ್ಳುತ್ತದೆ. ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಅದಕ್ಕೆ ಕಾಡಿಲ್ಲ. 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯವನ್ನು ದೊಡ್ಡದು ಮಾಡಿ ಅದರ ಹೆಸರನ್ನೇ ಇಟ್ಟಿದ್ದು ಸುಮ್ನೆ ಅಲ್ಲ. ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಬಿಡಿಸಿ ತಿನ್ನುತ್ತದೆ. ನಾವು ಸಿಪ್ಪೆ ಮಾರೋಕೆ ಕಾಯಿರುವಾಗಲೇ ಕೊಯ್ದುಬಿಡುತ್ತೇವೆ. ಕೈಯಲ್ಲಿ ಒಂದು ಉಪ್ಪಾಗೆ ಕೊಡಿ.

ತೀರ್ಥಹಳ್ಳಿಯಿಂದ:
9/25 ನನ್ನ ಮನೆಯಲ್ಲಿದೆ. ಹತ್ತು ಜಾಸ್ತಿ ಬಂದಿದ್ದರೆ ನನಗೆ ಬೇಜಾರಾಗುತ್ತಿತ್ತು, ನಿಜ ಹೇಳ್ತೀನಿ. ಒಂದು ಕಷ್ಟ. ಫ್ರೇಮ್ ಅಂಗಡಿಯವರು ಗಾಜನ್ನು ಚಿತ್ರಕ್ಕೇ ಒತ್ತಿ ಕೂರಿಸಿದ್ದಾರೆ. ಬಾಲದ ಹತ್ತಿರ ಬೂಷ್ಟಿನ ಬಿಳಿ ಚುಕ್ಕೆ ಎದ್ದಿದೆ.

ಸಾಗರದ ಲಿನೋ:
@ತೀರ್ಥಹಳ್ಳಿಯಿಂದ, ಇವತ್ತೇ ಫ್ರೇಮ್ ಬಿಚ್ಚಿಸಿ. ಗಾಳಿಯಾಡುವ ಕಡೆ ಪೂರ್ತಿ ಒಣಗಲಿ. ಆಮೇಲೆ ಮೃದುವಾದ ಒಣ ಬ್ರಷ್‌ನಲ್ಲಿ ಮೆಲ್ಲಗೆ ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಗಾಜಿಗೂ ಕಾಗದಕ್ಕೂ ನಡುವೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ಚಿತ್ರ ಕಾಣುವಂತೆ ಮಧ್ಯೆ ಕಿಟಕಿ ಕತ್ತರಿಸಿದ ದಪ್ಪ ರಟ್ಟು) ಹಾಕಿಸಿ. ಮಳೆ ಹೊಡೆಯುವ ಹೊರಗೋಡೆ ಬಿಟ್ಟು ಒಳಗೋಡೆಗೆ ಹಾಕಿ.

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಹಳೆ ಅಚ್ಚಿನ ಮೇಲೆ ಕಿವಿಯಿಂದ ಬಾಲದ ಕುಚ್ಚಿನವರೆಗೆ ಅಡ್ಡ ಗೀಟು ಬೀಳುವಂತೆ ಉಳಿ ಎಳೆದೆ. ಆ ಹನ್ನೊಂದು ದಿನದ ಕೇಸರದ ಮೇಲೆ ಕೈ ಓಡಲೇ ಇಲ್ಲ, ಎರಡು ಸಲ ನಿಲ್ಲಿಸಿದೆ. ಹೊಸ ಹಾಳೆಯಲ್ಲಿ ಉಪ್ಪಾಗೆ ಕೊಂಬೆ ಬರೆದಾಗಿದೆ. ಹೋಂಸ್ಟೇಯವರು ದೀಪಾವಳಿವರೆಗೆ ಕಾಯ್ತೀನಿ ಅಂದಿದ್ದಾರೆ.