ರಕ್ತದ ಜೀನ್ ಟೆಸ್ಟ್ ನಾರ್ಮಲ್, ಮೈಮ್ಯಾಲೆ ಗೆರಿ ಮಚ್ಚಿ: ಮುಂದೇನು?

ಗದಗ, ಮಕ್ಕಳ ಡಾಕ್ಟರ್
ಎರಡು ವರ್ಷದ ಹುಡುಗಿ. ಹುಟ್ಟಿದಾಗಿಂದ ಎಡ ಪಕ್ಕಿಯಿಂದ ಹೊಟ್ಟಿಗೆ ಸುತ್ತಿ ಬಂದ ಕಂದು ಗೆರಿ, ಈಗ ಒರಟಾಗ್ಯಾವ. ಬೆನ್ನಿನ ಮ್ಯಾಲೆ ‘ವಿ’ ಆಕಾರ, ಮುಂದ ನಡುಗೆರಿಗೆ ಬಂದು ನಿಂತಾವ. ರಕ್ತದ ಎಕ್ಸೋಮ್ (ಪ್ರೋಟೀನ್ ಮಾಡೋ ಜೀನ್ ಭಾಗ ಓದೋ ಟೆಸ್ಟ್) ನಾರ್ಮಲ್. ಮನ್ಯಾಗ ಗ್ರಹಣದ ಮಚ್ಚಿ ಅಂತ ತಾಯಿಗೆ ಬಯ್ಯಾಕತ್ತಾರ. ಮುಂದಿನ ಕೂಸಿಗೂ ಬರ್ತದೇನು ಅಂತ ಕೇಳಿದ್ರ ಏನು ಹೇಳ್ಲಿ?

ಹುಬ್ಬಳ್ಳಿ, ಚರ್ಮರೋಗ
ಮೇಡಮ್, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಅತ್ತಿ-ಮಾವನ ಎದುರಿಗೇ ಹೇಳ್ರಿ. ತಾಯಿಗೆ ಅದು ಔಷಧಕ್ಕಿಂತ ಮೊದಲು ಬೇಕು.

ಇವು ಬ್ಲಾಶ್ಕೋ ಗೆರಿ, 1901ರಾಗ ಆಲ್ಫ್ರೆಡ್ ಬ್ಲಾಶ್ಕೋ ನಕ್ಷೆ ಮಾಡಿದ್ದು. ಗರ್ಭ ಕಟ್ಟಿದ ಮ್ಯಾಲೆ ಒಂದು ಕೋಶದಾಗ ಮ್ಯುಟೇಶನ್ (ಜೀನಿನ ಬದಲಾವಣೆ) ಆಗ್ತದ, ಅದರ ಸಂತತಿ ಚರ್ಮದಾಗ ಹರಿದ ದಾರಿ ಇದು. ರಕ್ತದ ಮೂಲಕೋಶ ಬ್ಯಾರೆ, ಅಲ್ಲಿ ಹುಡುಕಿದ್ರ ಹೆಚ್ಚಾಗಿ ಸಿಗೂದಿಲ್ಲ.

ಮಚ್ಚಿ ವಿಂಗಡಿಸೋವಾಗ ಮೊದಲು ವಿನ್ಯಾಸ, ಆಮ್ಯಾಲೆ ಯಾವ ಕೋಶ ಅಂತ ನೋಡ್ರಿ. ಒರಟು ಗೆರಿ ಅಂದ್ರ ಬಹುತೇಕ ಎಪಿಡರ್ಮಲ್ ನೀವಸ್, ಚರ್ಮದ ಮೇಲ್ಪದರದ ಮಚ್ಚಿ. ಚಪ್ಪಟೆ, ಅಂಚು ಹರಕಾದ ದೊಡ್ಡ ಕಂದು ಕಲೆ ಇದ್ದಿದ್ರ ಜಿಎನ್‌ಎಎಸ್ ಅನ್ನೋ ಜೀನ್ ನೆನಸ್ಕೊಂಡು ಎಲುಬು, ಅಕಾಲ ಋತುಸ್ರಾವ ಎರಡೂ ವಿಚಾರಿಸಬೇಕಿತ್ತು. ಹಣಿಮ್ಯಾಲಿನ ಕೆಂಪು ಪೋರ್ಟ್‌ವೈನ್ ಕಲೆ ರಕ್ತನಾಳದ್ದು, ಹೆಚ್ಚಾಗಿ ಜಿಎನ್‌ಎಕ್ಯೂ ಜೀನಿಂದ. ಅಲ್ಲಿ ಕಣ್ಣಿನ ಒತ್ತಡ ನೋಡಿಸೋದು ತಡ ಆಗಬಾರದು.

ಧಾರವಾಡ, ಜೆನೆಟಿಕ್ ಲ್ಯಾಬ್
ರಕ್ತದ ಬದಲು ಚರ್ಮವನ್ನೇ ಪರೀಕ್ಷಿಸಬೇಕು: ಗೆರೆ ದಪ್ಪಗಿರುವ ಕಡೆ 4 ಮಿ.ಮೀ. ಪಂಚ್ ಬಯಾಪ್ಸಿ (ಗುಂಡಗೆ ಕೊರೆದು ತೆಗೆದ ಚರ್ಮದ ಚೂರು), ಎರಡು ತುಣುಕು. ಮರಗಟ್ಟಿಸುವ ಕ್ರೀಮನ್ನು ಒಂದು ತಾಸು ಮೊದಲು ಹಚ್ಚಿ. ಒಂದು ತುಣುಕು ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ. ಇನ್ನೊಂದು ಸ್ಟೆರೈಲ್ ಸಲೈನ್‌ನಲ್ಲಿ, ಐಸ್ ಮೇಲೆ, ಅದೇ ದಿನ ಲ್ಯಾಬಿಗೆ. ಎರಡನ್ನೂ ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎ ಚೂರುಚೂರಾಗುತ್ತದೆ, ಮಗುವಿಗೆ ಮತ್ತೆ ಚುಚ್ಚಬೇಕಾಗುತ್ತದೆ. ಮ್ಯುಟೇಶನ್ ಮೇಲ್ಪದರದಲ್ಲಿರುವುದರಿಂದ ಒಳಚರ್ಮ ತೆಗೆದು ಮೇಲ್ಪದರವನ್ನಷ್ಟೇ ಪರೀಕ್ಷಿಸಲು ಹೇಳಿ, ಇಲ್ಲವಾದರೆ ಸಿಗ್ನಲ್ ತೆಳುವಾಗುತ್ತದೆ.

ಫಾರ್ಮ್ ಮೇಲೆ ‘ಮೊಸಾಯಿಕ್ ಶಂಕೆ’ (ಮ್ಯುಟೇಶನ್ ದೇಹದ ಕೆಲವು ಕೋಶಗಳಲ್ಲಷ್ಟೇ ಇರಬಹುದು) ಎಂದು ಬರೆಯಲೇಬೇಕು. ಸಾಮಾನ್ಯ ಎಕ್ಸೋಮ್ 100 ಪಟ್ಟು ಆಳದ ಆಸುಪಾಸು, ಅಂದರೆ ಪ್ರತಿ ಜಾಗವನ್ನು ಸುಮಾರು 100 ಸಲ ಓದುತ್ತದೆ; 50 ಪ್ರತಿಶತ ಓದುಗಳಲ್ಲಿ ಕಾಣುವ ಬದಲಾವಣೆಗೆ ಅದು ಸಾಕು. 5 ಪ್ರತಿಶತದ್ದನ್ನು ಸಾಫ್ಟ್‌ವೇರ್ ದೋಷವೆಂದು ಬಿಟ್ಟುಬಿಡಬಹುದು. 500 ಪಟ್ಟಿಗಿಂತ ಹೆಚ್ಚು ಕೇಳಿ; ಎಚ್‌ಆರ್‌ಎಎಸ್, ಎಫ್‌ಜಿಎಫ್‌ಆರ್3, ಪಿಐಕೆ3ಸಿಎ, ಕೆಆರ್‌ಟಿ1, ಕೆಆರ್‌ಟಿ10 ಜೀನ್‌ಗಳು ಪಟ್ಟಿಯಲ್ಲಿ ಇರಲಿ (ಕೊನೆಯ ಎರಡು ಕೆರಾಟಿನ್ ಜೀನ್).

ಹುಬ್ಬಳ್ಳಿ, ಚರ್ಮರೋಗ
ಸರ ಹೇಳಿದ್ದಕ್ಕ ಒಂದು ಸೇರಸ್ತೀನಿ. ಪೆಥಾಲಜಿಗೆ ‘ಎಪಿಡರ್ಮೊಲಿಟಿಕ್ ಬದಲಾವಣೆ (ಮೇಲ್ಪದರದ ಕೋಶ ಒಡಿಯೋದು) ಅದ ಏನು’ ಅಂತ ಬರದು ಕೇಳ್ರಿ. ಮುಂದಿನ ಕೂಸಿಗೆ ಅಪಾಯ ಬ್ಯಾರೆಯವರಿಗಿಂತ ಹೆಚ್ಚಿಲ್ಲ, ಅದನ್ನ ಇವತ್ತೇ ಹೇಳಬಹುದು. ಆದ್ರ ಆ ಬದಲಾವಣೆ ಕಂಡ್ರ, ಕೆರಾಟಿನ್ ಮ್ಯುಟೇಶನ್ ಈ ಹುಡುಗಿಯ ಅಂಡಾಶಯದಾಗೂ ಇರಬಹುದು. ದೊಡ್ಡಾಕಿ ಆದ ಮ್ಯಾಲೆ ಅವಳ ಮಗುವಿಗೆ ಮೈತುಂಬ ಇಕ್ತಿಯೋಸಿಸ್ (ಚರ್ಮ ದಪ್ಪಾಗಿ ಪದರು ಏಳೋ ರೋಗ) ಬರೋ ಸಾಧ್ಯತೆ ಅದ. ಇದನ್ನ ಫೈಲಿನಾಗ ಎದ್ದು ಕಾಣೋಹಂಗ ಬರೀರಿ.

ಕಣ್ಣು, ಬೆನ್ನೆಲುಬು, ಫಿಟ್ಸ್ ವಿಚಾರಿಸ್ರಿ. ಸೀರಮ್ ಫಾಸ್ಫೇಟ್ ಒಂದು ಮಾಡಸ್ರಿ: ಆರ್‌ಎಎಸ್ ಗುಂಪಿನ (ಎಚ್‌ಆರ್‌ಎಎಸ್ ಇದರಾಗ ಒಂದು) ಮ್ಯುಟೇಶನ್ ಇದ್ದ ಕೆಲವು ಮಕ್ಕಳಿಗೆ ಫಾಸ್ಫೇಟ್ ಇಳದು ರಿಕೆಟ್ಸ್ (ಎಲುಬು ಮೆತ್ತಗಾಗೋ ರೋಗ) ಆಗ್ತದ, ಬರೇ ವಿಟಮಿನ್ ಡಿ ಕೊಟ್ರ ಅದು ಬಗ್ಗೂದಿಲ್ಲ.