ಓದುಗರ ಸ್ಪಂದನ: ‘ಪ್ರಾರ್ಥಿಸಿದರೂ ತಾಳ್ಮೆ ಬರುತ್ತಿಲ್ಲ’

(ಸಮಸ್ಯೆ: ಮರೆವಿನ ಕಾಯಿಲೆಯ ಅತ್ತೆಯನ್ನು ಒಬ್ಬರೇ ನೋಡಿಕೊಳ್ಳುತ್ತಿರುವ ಉಡುಪಿ ಕಡೆಯ ಓದುಗಿ. ಗಂಡ ಗಲ್ಫ್‌ನಲ್ಲಿ. ಸಂಜೆಯ ತೇರ್ಸ್ (ಜಪಸರದ ಪ್ರಾರ್ಥನೆ) ಹೊತ್ತಿಗೇ ಅತ್ತೆಯ ಮೇಲೆ ರೇಗಾಟ, ಆಮೇಲೆ ಅಳು, ವಾರವಾರವೂ ಚರ್ಚಿನ ಗುರುಗಳ ಬಳಿ ಅದೇ ಪಾಪನಿವೇದನೆ.)

ತಂಗಿ, ಮೊದಲು ಸಿಟ್ಟು ಬರುವ ಹೊತ್ತನ್ನು ಹಿಡಿಯಿರಿ. ಒಂದೇ ಒಂದು ದೋಷ ತಿದ್ದಿಕೊಳ್ಳಲು ಲೊಯೊಲಾದ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ಕ್ರಮವಿದೆ. ದಿನಕ್ಕೆ ಎರಡು ಗೆರೆ: ಬೆಳಗಿನಿಂದ ಮಧ್ಯಾಹ್ನದ ಊಟದವರೆಗೊಂದು, ಅಲ್ಲಿಂದ ರಾತ್ರಿ ಊಟದವರೆಗೊಂದು. ತಪ್ಪಿದಾಗಲೆಲ್ಲ ಗೆರೆಯ ಮೇಲೊಂದು ಚುಕ್ಕೆ. ಈ ವಾರವನ್ನು ಹಿಂದಿನ ವಾರದ ಪಕ್ಕ ಇಟ್ಟು ನೋಡಬೇಕು. ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಚುಕ್ಕೆಯ ಪಕ್ಕ ಗಂಟೆಯನ್ನೂ ಬರೆಯಿರಿ (ಇದು ನನ್ನ ಸೇರ್ಪಡೆ).

ಚುಕ್ಕೆಗಳು ಸಂಜೆಗೇ ಗುಂಪಾದರೆ ಆಶ್ಚರ್ಯವಿಲ್ಲ. ಈ ಕಾಯಿಲೆಯವರಿಗೆ ಹೊತ್ತು ಮುಳುಗುವಾಗ ಗಲಿಬಿಲಿ ಹೆಚ್ಚು; ನಿಮಗೂ ಸುಸ್ತಾಗಿರುವುದು ಆಗಲೇ. ಕತ್ತಲಾಗುವ ಮೊದಲೇ ಲೈಟ್ ಹಾಕಿ, ಟಿವಿ ಆರಿಸಿ. ಐವತ್ತು ಮಣಿಯ ತೇರ್ಸ್ ಬೆಳಿಗ್ಗೆ ಗಂಜಿಯ ನಂತರ ಇಟ್ಟುಕೊಳ್ಳಿ. ಸಂಜೆಗೆ ಹತ್ತು ಮಣಿಯ ಒಂದೇ ಸುತ್ತು, ನಾಲ್ಕು ನಿಮಿಷದ್ದು. ಅದೂ ಅತ್ತೆಗೆ ಚಿಕ್ಕಂದಿನಲ್ಲಿ ಬಾಯಿಪಾಠವಾದ ಭಾಷೆಯಲ್ಲಿ. ಬೆಳಗಿನ ತಿಂಡಿ ನೆನಪಿಲ್ಲದವರೂ ‘ಆಮ್ಚ್ಯಾ ಬಾಪಾ’ (ಕೊಂಕಣಿಯಲ್ಲಿ ‘ನಮ್ಮ ತಂದೆಯೇ’ ಪ್ರಾರ್ಥನೆ) ಅಂತ ನೀವು ಶುರುಮಾಡಿ ನಿಲ್ಲಿಸಿದರೆ ಮುಂದಿನದನ್ನು ತಾವೇ ಹೇಳುವುದುಂಟು. ದಪ್ಪ ಮಣಿಯ ಜಪಸರ ಕೈಗೆ ಕೊಡಿ. ಸದಾ ಸೆರಗು ಎಳೆಯುವ ಬೆರಳಿಗೆ ಕೆಲಸ ಸಿಗುತ್ತದೆ. ಕುತ್ತಿಗೆಗೆ ಹಾಕಬೇಡಿ, ದಾರ ಸಡಿಲವಾಗಿದ್ದರೆ ಬದಲಿಸಿ, ಮಣಿ ನುಂಗಿಯಾರು.

ಒಂದೆರಡು ದಿನದಲ್ಲೇ ಗಲಾಟೆ ಏಕಾಏಕಿ ಜಾಸ್ತಿಯಾದರೆ ಮೂತ್ರದ ಸೋಂಕೋ ಮಲಬದ್ಧತೆಯೋ ಇರಬಹುದು. ತಾಳ್ಮೆ ಸಾಲದೆಂದು ನಿಮ್ಮನ್ನೇ ಬೈದುಕೊಳ್ಳದೆ ಡಾಕ್ಟರಿಗೆ ತೋರಿಸಿ.
— ನಿವೃತ್ತ ನರ್ಸ್, ಕುಂದಾಪುರ

ನಿಮಗೆ ‘ಯೋಬನ ತಾಳ್ಮೆ ನೋಡಿ ಕಲಿ’ ಎಂದವರು ಬೈಬಲಿನ ಯೋಬನ ಪುಸ್ತಕವನ್ನು ಎರಡನೇ ಅಧ್ಯಾಯಕ್ಕೇ ಮುಚ್ಚಿರಬೇಕು. ಮೂರರಲ್ಲಿ ಆತ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಕೊನೆಯ 42ರಲ್ಲಿ ದೇವರು ಸಿಟ್ಟಾಗುವುದು ಕಷ್ಟದಲ್ಲಿದ್ದ ಅವನಿಗೆ ಉಪದೇಶ ಮಾಡಿದ ಗೆಳೆಯರ ಮೇಲೆ.

ಅತ್ತೆ ಮಲಗಿದ ಮೇಲೆ ಬೈಬಲಿನ 13ನೇ ಕೀರ್ತನೆಯನ್ನು ಬಾಯಿಬಿಟ್ಟು ಓದಿ. ಆರೇ ವಚನ. ಮೊದಲೆರಡರಲ್ಲಿ ದಾವೀದ ‘ಎಷ್ಟರವರೆಗೆ’ ಎಂದು ದೇವರನ್ನೇ ಮತ್ತೆ ಮತ್ತೆ ಕೇಳುತ್ತಾನೆ. ಅಲ್ಲಿ ನಿಲ್ಲಿಸಿ ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಹೇಳಿ: ಇವತ್ತು ಮೂರು ಸಲ ಹಾಸಿಗೆ ಬದಲಿಸಿದೆ, ನಾದಿನಿ ಒಂದು ಫೋನೂ ಮಾಡಲಿಲ್ಲ. ಆಮೇಲೆ ಮುಂದುವರಿಸಿ. ದೂರು ಬಿಟ್ಟು ನೇರ ಸ್ತುತಿಗೆ ಹಾರಿದರೆ ಸಿಟ್ಟು ಒಳಗೇ ಉಳಿದು ಮರುದಿನ ಅತ್ತೆಯ ಮೇಲೆ ಬೀಳುತ್ತದೆ. 88ನೇ ಕೀರ್ತನೆ ಒಂಟಿ ರಾತ್ರಿಗೆ ಬೇಡ, ಅದು ಕತ್ತಲಲ್ಲೇ ಮುಗಿಯುತ್ತದೆ. ಓದಲೂ ಆಗದಷ್ಟು ದಣಿದ ದಿನ ಮಲಗಿಬಿಡಿ. ಸಾಯಬೇಕೆಂದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ಎಲೀಯ ತಿಂದು ಮತ್ತೆ ಮಲಗಿದ. ಮಾತೆಲ್ಲ ಆಮೇಲೆ.
— ಸಭಾಪಾಲಕರು, ಬಳ್ಳಾರಿ

ಸಹೋದರಿ, ರೋಗಿಯನ್ನು ಬಿಟ್ಟು ಹೊರಡಲಾಗದೆ ಭಾನುವಾರದ ಬಲಿಪೂಜೆ (ಚರ್ಚಿನ ಆರಾಧನೆ) ತಪ್ಪಿದರೆ ಪಾಪವಲ್ಲ. ಪರಮಪ್ರಸಾದ (ಬಲಿಪೂಜೆಯ ಪವಿತ್ರ ರೊಟ್ಟಿ) ಮನೆಗೆ ತರಲು ಗುರುಗಳನ್ನು ಕೇಳಿ. ನಿಮಗೂ ಬೇಕೆಂದು ಮೊದಲೇ ಹೇಳಿ, ಇಲ್ಲವಾದರೆ ಒಂದೇ ತರುತ್ತಾರೆ. ಅದನ್ನು ಸ್ವೀಕರಿಸುವ ಮುನ್ನ ಇರಬೇಕಾದ ಒಂದು ಗಂಟೆಯ ಉಪವಾಸದಿಂದ ರೋಗಿಗೂ ಅವರನ್ನು ನೋಡಿಕೊಳ್ಳುವವರಿಗೂ ಧರ್ಮಸಭೆಯ ಕಾನೂನು 919 ವಿನಾಯಿತಿ ಕೊಡುತ್ತದೆ. ಅತ್ತೆಗೆ ನುಂಗಲು ಕಷ್ಟವಾದರೆ ಚಿಕ್ಕ ಚೂರು ಸಾಕು.

ಪಾಪನಿವೇದನೆಯಲ್ಲಿ ‘ಸಿಟ್ಟು ಬಂತು’ ಎಂದಷ್ಟೇ ಹೇಳಿದರೆ ಗುರುಗಳಿಗೂ ದಾರಿ ತೋರಿಸಲಾಗದು. ಸಿಟ್ಟು ಬರುವುದೇ ಪಾಪವಲ್ಲ. ಸಿಟ್ಟಿನಲ್ಲಿ ಮಾಡಿದ್ದನ್ನು ಹೇಳಿ: ರಟ್ಟೆ ಹಿಡಿದು ಎಳೆದೆ, ತಟ್ಟೆ ಕುಕ್ಕಿದೆ. ಪ್ರತಿ ಸಲ ಅದೇ ಗುರುಗಳ ಬಳಿ ಹೋಗಿ. ಕೈ ಎತ್ತುವ ಹಂತ ಬಂದರೆ ಅತ್ತೆಯನ್ನು ಬೀಳದಂತೆ ಕೂರಿಸಿ, ಪಕ್ಕದ ಕೋಣೆಗೆ ಹೋಗಿಬಿಡಿ.

ಒಬ್ಬನೇ ಹೊತ್ತರೆ ಸವೆದುಹೋಗುತ್ತೀ ಎಂದು ಮೋಶೆಗೆ ಹೇಳಿದ್ದು ಅವನ ಮಾವ (ವಿಮೋಚನಕಾಂಡ 18). ನಿಮ್ಮ ಚರ್ಚಿನ ವಾರ್ಡಿನ ಗುರ್ಕಾರರ (ಮುಖ್ಯಸ್ಥರ) ಬಳಿ ‘ಸಹಾಯ ಮಾಡಿ’ ಎಂದರೆ ‘ಪ್ರಾರ್ಥಿಸುತ್ತೇವೆ’ ಎಂಬ ಉತ್ತರ ಬರುತ್ತದೆ. ‘ಮಂಗಳವಾರ, ಶುಕ್ರವಾರ ನಾಲ್ಕರಿಂದ ಆರರವರೆಗೆ ಒಬ್ಬರು ಬಂದು ಕೂರಬೇಕು’ ಎನ್ನಿ. ಗಂಡ ಕಳಿಸುವ ಹಣದಲ್ಲಿ ವಾರಕ್ಕೆರಡು ರಾತ್ರಿಯ ಹೋಂ ನರ್ಸ್ ಖರ್ಚು ಮೊದಲು ತೆಗೆದಿಡಿ. ನಾದಿನಿಯ ಪಾಲನ್ನು ಅವರಣ್ಣನೇ ಕೇಳಲಿ, ನೀವಲ್ಲ.
— ಧರ್ಮೋಪದೇಶ ಶಿಕ್ಷಕಿ, ಮಂಗಳೂರು