ಮಾಲೀಕರು ತಂದ ಛಾಪಾ ಕಾಗದಕ್ಕೆ ಸಹಿ ಹಾಕಲೇ?

ಹತ್ತು ಚಕ್ರ, ಗದಗ:
ಹದಿನಾಲ್ಕು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಗಾಡಿ ಓಡಿಸುತ್ತ ಮಲಗಿದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯುವವರು ಬೈಯಿರಿ.

ಶುಕ್ರವಾರ ಸಂಜೆ ಗದಗ ಎಪಿಎಂಸಿಯಲ್ಲಿ ಈರುಳ್ಳಿ ತುಂಬಿಸಿ, ತಾಡಪತ್ರಿ ಬಿಗಿದು ಹೊರಟೆ. ರಾತ್ರಿಯಿಡೀ ಓಡಿಸಿ ಯಶವಂತಪುರ ಮುಟ್ಟಿದೆ. ಹಮಾಲರು ಚೀಲ ಇಳಿಸಿ ಮುಗಿಸುವವರೆಗೆ ಲೆಕ್ಕ ಹಿಡಿದು ನಿಂತೆ. ಕ್ಲೀನರ್ ಇಲ್ಲ; ಖರ್ಚು ಹೆಚ್ಚಾಯಿತೆಂದು ಎರಡು ವರ್ಷದ ಹಿಂದೆಯೇ ಸಾವಕಾರರು ಅವನನ್ನು ಬಿಡಿಸಿದರು. ಮಧ್ಯಾಹ್ನ ಕ್ಯಾಬಿನ್ನಿನಲ್ಲಿ ಒಂದು ತಾಸು ಕಣ್ಣು ಮುಚ್ಚಿದ್ದೆ, ಅಷ್ಟರಲ್ಲಿ ಫೋನ್: ದಾಬಸ್‌ಪೇಟೆಯಲ್ಲಿ ಪೈಪಿನ ಲೋಡು ಸಿಕ್ಕಿದೆ, ಬೆಳಗಾಗುವುದರೊಳಗೆ ಹುಬ್ಬಳ್ಳಿಯಲ್ಲಿ ಇಳಿಯಬೇಕು. ಚಿತ್ರದುರ್ಗ ದಾಟಿದ ಮೇಲೆ ಡಾಬಾದಲ್ಲಿ ಮುಖ ತೊಳೆದು, ಎರಡು ತಾಸು ಮಲಗಿ ಬರುತ್ತೇನೆ ಎಂದು ಕರೆ ಮಾಡಿದೆ. “ಚಹಾ ಕುಡಿದು ಬಾ, ಮಲಗುವುದು ಮನೆಯಲ್ಲಿ ಇದ್ದೇ ಇದೆ” ಎಂದರು.

ಚಳಗೇರಿ ಟೋಲ್ ದಾಟಿದ್ದು ನೆನಪಿದೆ. ಆಮೇಲೆ ಎಚ್ಚರವಾದದ್ದು ಮೋಟೆಬೆನ್ನೂರಿನ ಹತ್ತಿರ, ಹಾಲಿನ ಕ್ಯಾನು ರಸ್ತೆಗೆ ಬಡಿದ ಸಪ್ಪಳಕ್ಕೆ. ಓಡಿಹೋಗಲಿಲ್ಲ, 108ಕ್ಕೆ ನಾನೇ ಕರೆ ಮಾಡಿದೆ. ಬೈಕಿನವರ ಬಲಗಾಲು ಎರಡು ಕಡೆ ಮುರಿದಿದೆ. ನನಗೆ ಪಕ್ಕೆಲುಬು.

ಈಗ ಸಾವಕಾರರು ಛಾಪಾ ಕಾಗದ ಹಿಡಿದು ಬಂದಿದ್ದಾರೆ. “ಮಾಲೀಕರು ಮಲಗಿ ಬಾ ಎಂದರೂ ಕೇಳದೆ ಓಡಿಸಿದೆ” ಎಂದು ಅದರಲ್ಲಿದೆ. ಸಹಿ ಹಾಕದಿದ್ದರೆ ವಿಮೆ ಬರುವುದಿಲ್ಲ, ಪರಿಹಾರಕ್ಕೆ ನಿನ್ನ ಮನೆ ಮಾರಬೇಕಾಗುತ್ತದೆ ಎನ್ನುತ್ತಾರೆ. ನಿಜವೇ?

ಕರಿಕೋಟು, ಧಾರವಾಡ:
ಸಹಿ ಹಾಕಬೇಡಿ. ಆ ಕಾಗದದಿಂದ ವಿಮೆಗೂ ಲಾಭವಿಲ್ಲ, ನಿಮ್ಮ ಸಾವಕಾರರಿಗೂ ಇಲ್ಲ. ಅವರ ಕೆಲಸದ ಮೇಲೆ, ಅವರ ಗಾಡಿ ಓಡಿಸುವಾಗ ಆದ ಅಪಘಾತಕ್ಕೆ ಮಾಲೀಕರು ಹೊಣೆ; ಚಾಲಕ ಮಾತು ಕೇಳಲಿಲ್ಲ ಎಂಬ ಮಾತ್ರಕ್ಕೆ ಆ ಹೊಣೆ ಕಳಚುವುದಿಲ್ಲ. ಪರಿಹಾರದ ಅರ್ಜಿಯಲ್ಲಿ ನಿಮ್ಮ ಹೆಸರು ಇರುತ್ತದೆ, ಆದರೆ ವಿಮೆ ಚಾಲ್ತಿಯಲ್ಲಿದ್ದು ಲೈಸೆನ್ಸ್, ಪರ್ಮಿಟ್ ಸರಿಯಿದ್ದರೆ ಹಣ ಕಟ್ಟುವುದು ವಿಮಾ ಕಂಪನಿ. ಚಾಲಕ ನಿದ್ದೆಗೆ ಜಾರಿದ ಎಂಬುದು ಕಂಪನಿ ನುಣುಚಿಕೊಳ್ಳಲು ಕಾರಣವಾಗದು.

ಕಾಗದ ಕೆಲಸಕ್ಕೆ ಬರುವುದು ಒಂದೇ ಕಡೆ: ಕ್ರಿಮಿನಲ್ ಪ್ರಕರಣದಲ್ಲಿ, ನಿಮ್ಮ ವಿರುದ್ಧ. ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125ನೇ (ನಿರ್ಲಕ್ಷ್ಯದಿಂದ ಬೇರೆಯವರ ಜೀವಕ್ಕೆ ಅಪಾಯ ತಂದದ್ದು) ಕಲಂ ಹಾಕಿರುತ್ತಾರೆ. ಎರಡೂ ಜಾಮೀನು ಸಿಗುವಂಥವು, ಆದರೆ ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಶಿಕ್ಷೆ ಇದೆ. ಆ ಕಟಕಟೆಯಲ್ಲಿ ಸಾವಕಾರರು ಪಕ್ಕಕ್ಕೆ ಬಂದು ನಿಲ್ಲುವುದಿಲ್ಲ.

ಡಾಬಾದಿಂದ ಮಾಡಿದ ಕರೆಯ ದಾಖಲೆ ಅಳಿಸಬೇಡಿ. ಪ್ರತಿ ಟೋಲ್ ದಾಟಿದ ಹೊತ್ತೂ ಫಾಸ್ಟ್ಯಾಗ್ ಲೆಕ್ಕದಲ್ಲಿ ಇರುತ್ತದೆ, ವಕೀಲರ ಮೂಲಕ ಅದನ್ನು ತರಿಸಬಹುದು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬರೆದಿತ್ತು. ಯಶವಂತಪುರದ ದಾರಿಯಲ್ಲಿ ಅದನ್ನು ಓದಿದವರನ್ನು ನಾನು ಕಂಡಿಲ್ಲ. ನಿಮ್ಮ ಪಕ್ಕೆಲುಬಿಗೂ ಪರಿಹಾರ ಕೇಳಬಹುದು, ಕೆಲಸದಲ್ಲಿದ್ದಾಗ ಆದ ಗಾಯ ಅದು.

ಸ್ಟೇರಿಂಗ್ ಬಿಟ್ಟವನು, ಶಿಗ್ಗಾಂವಿ:
ತಮ್ಮಾ, ವಕೀಲರು ಕಾನೂನು ಹೇಳಿದರು. ಚಹಾದ ವಿಷಯ ನಾನು ಹೇಳುತ್ತೇನೆ. ಬೆಳಗಿನ ಜಾವ ಮೂರರಿಂದ ಐದರವರೆಗಿನ ನಿದ್ದೆ ಚಹಾಕ್ಕೆ ಹೆದರುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ರಸ್ತೆ ಕಾಣುವುದಿಲ್ಲ. 2024ರ ಜೂನ್ 28ರಂದು, ಇನ್ನೂ ಬೆಳಕು ಹರಿಯುವ ಮೊದಲು, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗಾಡಿ ಗುದ್ದಿ 13 ಜನ ಹೋದರಲ್ಲ, ಆ ಜಾಗ ದಾಟಿದಾಗಲೆಲ್ಲ ನನಗೆ ಮೈ ನಡುಗುತ್ತದೆ. ಮಲಗಬೇಕೆಂದು ಗಾಡಿ ನಿಲ್ಲಿಸಿದರೂ ರಸ್ತೆಯ ಅಂಚಿನಲ್ಲಿ ನಿಲ್ಲಿಸಬಾರದು, ಡಾಬಾದ ಅಂಗಳವೇ ಬೇಕು. ನಾನು ಬಿಟ್ಟು ಆರು ವರ್ಷ. ಈಗ ಗಿರಣಿ ಇಟ್ಟಿದ್ದೇನೆ, ರಾತ್ರಿ ಮಲಗುತ್ತೇನೆ.

ಹಾಲಿನವರ ಮಗಳು, ರಾಣೆಬೆನ್ನೂರು:
ನಮ್ಮ ಅಪ್ಪನಿಗೂ ಹೀಗೆಯೇ ಲಾರಿ ಗುದ್ದಿತ್ತು, ಆದ್ದರಿಂದ ನಿಮ್ಮ ಮೇಲೆ ಸಿಟ್ಟು ಬಂತು. ಆದರೂ ಬರೆಯುತ್ತೇನೆ. ಚಾಲಕ ಮಲಗಿದ್ದ ಎಂದು ನಾವು ಸಾಬೀತು ಮಾಡಬೇಕಾಗಲಿಲ್ಲ. ಪಂಚನಾಮೆಯಲ್ಲಿ ಬ್ರೇಕ್ ಹಾಕಿದ ಗುರುತು ಇಲ್ಲ ಎಂದಿತ್ತು, ದೋಷಾರೋಪ ಪಟ್ಟಿ ಇತ್ತು, ಅಷ್ಟು ಸಾಕಾಯಿತು. ನಾವು ಒದ್ದಾಡಿದ್ದು ಅಂಗವೈಕಲ್ಯದ ಪ್ರಮಾಣಪತ್ರಕ್ಕೆ, ಔಷಧದ ಚೀಟಿಗಳಿಗೆ. ಅರ್ಧ ಚೀಟಿಗಳನ್ನು ಅಮ್ಮ ಒಲೆಗೆ ಹಾಕಿದ್ದರು.

ಆ ಮನೆಯವರಿಗೆ ಇದನ್ನು ಯಾರಾದರೂ ಹೇಳಲಿ: 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂಬ ನಿಯಮವಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ ನಿಜ, ಅದನ್ನು ನಂಬಿ ಕೂರುವುದು ಬೇಡ. ಹಾಲು ಹಾಕಿದ ಡೇರಿ ಪುಸ್ತಕವನ್ನೂ ಜೋಪಾನ ಮಾಡಲಿ, ಆದಾಯಕ್ಕೆ ಅದೇ ಆಧಾರ.

ಹತ್ತು ಚಕ್ರ, ಗದಗ:
ಸಹಿ ಹಾಕಲಿಲ್ಲ. ನಿನ್ನೆ ಹುಬ್ಬಳ್ಳಿಗೆ ಹೋಗಿ ಬೈಕಿನವರ ಅಳಿಯನಿಗೆ ಆರು ತಿಂಗಳ ವಿಷಯ, ಡೇರಿ ಪುಸ್ತಕದ ವಿಷಯ ಎರಡೂ ಹೇಳಿದೆ. ವಾರ್ಡಿನ ಒಳಗೆ ಹೋಗುವ ಧೈರ್ಯವಾಗಲಿಲ್ಲ, ಹೊರಗಿನಿಂದಲೇ ಬಂದೆ. ಅಕ್ಕಾ, ನಿಮ್ಮ ಸಿಟ್ಟು ಸರಿಯಾಗಿಯೇ ಇದೆ.

ಲಾರಿ ಠಾಣೆಯಿಂದ ಬಿಡುಗಡೆಯಾಗಿ ಮತ್ತೆ ಈರುಳ್ಳಿಗೆ ಹೋಗಿದೆ. ಓಡಿಸುತ್ತಿರುವವನು ನಮ್ಮ ಪಕ್ಕದ ಊರಿನ ಹುಡುಗ, ಒಬ್ಬನೇ. ನನ್ನ ಕಂಬಳಿ, ಸ್ಟೋವ್ ಇನ್ನೂ ಕ್ಯಾಬಿನ್ನಿನಲ್ಲೇ ಇವೆ. ಅವನ ಫೋನ್ ನಂಬರ್ ಹುಡುಕುತ್ತಿದ್ದೇನೆ.